ಹದಿನಾರನೆಯ ದಿನದ ಗುಳಿಗೆ



ಶ್ರೀಮಠದ ಕಚೇರಿಗೆ ಭಕ್ತರು ತರುವ ಕಾಗದಪತ್ರಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಮೊದಲು ಸೊಸೈಟಿಯ ಸಾಲದ ನೋಟೀಸು, ಹೊಲದ ಉತಾರ ಹೆಚ್ಚಾಗಿ ಬರುತ್ತಿದ್ದವು. ಈಗ ದವಾಖಾನೆಯ ಬಿಲ್ಲು, ವಿಮೆಯ ಕಾರ್ಡು, ಔಷಧದ ಚೀಟಿ ಹೆಚ್ಚಾಗಿ ಬರುತ್ತವೆ. ಅವುಗಳ ಜೊತೆಗೆ ಬರುವ ಪ್ರಶ್ನೆ ಮಾತ್ರ ಒಂದೇ: "ಕಾರ್ಡು ಐತ್ರಿ, ಐದು ಲಕ್ಷದ ವಿಮಾ ಐತಿ ಅಂತಾರ. ಮತ್ತ ದಿನಾ ತಗೊಳ್ಳೋ ಗುಳಿಗೀಗೆ ನಾವ್ಯಾಕ ರೊಕ್ಕಾ ಕೊಡಬೇಕು?"

ಕಚೇರಿಯ ಉತ್ತರ ಸುಲಭವಾಗಿದೆ. ನಿಯಮದಲ್ಲಿ ಇಲ್ಲ ಎಂದರೆ ಮುಗಿಯಿತು. ಆದರೆ ಆ ನಿಯಮವೇ ಸರಿಯೇ ಎಂಬುದು ಧರ್ಮದ ಪ್ರಶ್ನೆ. ಬಿದ್ದವನನ್ನು ಎತ್ತಲು ಹಣವಿದೆ, ಬೀಳದಂತೆ ಕೈ ಹಿಡಿಯಲು ಹಣವಿಲ್ಲ ಎನ್ನುವ ಸಾಮೂಹಿಕ ನಿಧಿ ನ್ಯಾಯದ ನಿಧಿಯೇ? ವೈದ್ಯರು ಬರೆದುಕೊಟ್ಟ ಔಷಧಕ್ಕೆ ವಿಮೆ ಹಣ ಕೊಡಬೇಕೆಂದು ಕಾನೂನು ಹೇಳಬೇಕೇ, ಬೇಡವೇ? ಈ ವಿಷಯವನ್ನು ನಾವು ರೈತರೂ ವ್ಯಾಪಾರಸ್ಥರೂ ಕೂಡಿ ಸಮಾಧಾನದಿಂದ ವಿಚಾರ ಮಾಡುವ ಅಗತ್ಯವಿದೆ.

ನಿಯಮ ಏನು ಹೇಳುತ್ತದೆ?

ಮೊದಲು ಇದ್ದದ್ದನ್ನು ಇದ್ದಂತೆ ತಿಳಿಯೋಣ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಕೇಂದ್ರ ಸರಕಾರದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ದೊರೆಯುತ್ತದೆ. 2024ರ ಅಕ್ಟೋಬರದಿಂದ 70 ವರ್ಷ ದಾಟಿದ ಹಿರಿಯರೆಲ್ಲರಿಗೂ, ಅವರ ಆದಾಯ ಎಷ್ಟೇ ಇರಲಿ, ಇದನ್ನು ವಿಸ್ತರಿಸಲಾಗಿದೆ. ಒಳ್ಳೆಯ ಯೋಜನೆ. ಇದರಿಂದ ಬದುಕಿ ಉಳಿದವರು ನಮ್ಮ ಭಕ್ತರಲ್ಲಿಯೇ ಇದ್ದಾರೆ. ಆದರೆ ಇದು ದವಾಖಾನೆಗೆ ಸೇರಿಕೊಂಡವರಿಗೆ ಮಾತ್ರ. ಸೇರುವ ಮುಂಚಿನ 3 ದಿನ ಹಾಗೂ ಮನೆಗೆ ಬಂದ ನಂತರದ 15 ದಿನಗಳ ಔಷಧ ಇದರಲ್ಲಿ ಕೂಡಿದೆ. ಹದಿನಾರನೆಯ ದಿನದಿಂದ ಗುಳಿಗೆ ನಮ್ಮ ಕಿಸೆಯದು.

ಖಾಸಗಿ ವಿಮೆಯ ಕಥೆಯೂ ಹೆಚ್ಚು ಬೇರೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಎಲ್ಲ ಆರೋಗ್ಯ ವಿಮಾ ಕಂಪನಿಗಳೂ ಮಾರಲೇಬೇಕೆಂದು ಮಾಡಿದ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯಲ್ಲಿ ದವಾಖಾನೆಗೆ ಸೇರುವ ಮುಂಚಿನ 30 ದಿನ, ನಂತರದ 60 ದಿನಗಳ ಖರ್ಚು ಸೇರಿದೆ. ಅಲ್ಲಿ ಅರವತ್ತೊಂದನೆಯ ದಿನ ಬರುತ್ತದೆ, ಇಲ್ಲಿ ಹದಿನಾರನೆಯ ದಿನ ಬರುತ್ತದೆ. ಹಾಸಿಗೆ ಹಿಡಿದು ಮಲಗದವನಿಗೆ ಎರಡೂ ಕಡೆ ಬಾಗಿಲು ಮುಚ್ಚಿದೆ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಉದಾಹರಣೆ ನೋಡಿರಿ. ಸ್ಟೆಂಟಿನ ಬೆಲೆ ಕೈಗೆಟುಕುವಂತಿರಲೆಂದು ಸರಕಾರ 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂ. ಮಿತಿ ಹಾಕಿತು. ಯೋಜನೆಯಲ್ಲಿ ಸ್ಟೆಂಟ್ ಹಾಕಲಾಗುತ್ತದೆ. ಆದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಾರದೆಂದು ತಿಂಗಳಾನುಗಟ್ಟಲೆ ತಪ್ಪದೆ ನುಂಗಬೇಕಾದ ಗುಳಿಗೆಗಳಿವೆ. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಬಾವಿ ತೋಡಿಸಿ ಕೊಟ್ಟು, ಹಗ್ಗ ನೀವೇ ತಂದುಕೊಳ್ಳಿ ಎಂದ ಹಾಗಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಂಧ್ರದ ಆರೋಗ್ಯಶ್ರೀ ಯೋಜನೆಯಲ್ಲಿ ಹಾಗೂ ಮಹಾರಾಷ್ಟ್ರದ ಯೋಜನೆಯಲ್ಲಿ ಕೆಲವು ಗೊತ್ತಾದ ಶಸ್ತ್ರಚಿಕಿತ್ಸೆಗಳ ನಂತರ ತಪಾಸಣೆ, ಔಷಧಗಳಿಗೆಂದು ಫಾಲೋ-ಅಪ್ ಪ್ಯಾಕೇಜುಗಳನ್ನು ಇಡಲಾಯಿತು. ಅಂದರೆ ಗುಳಿಗೆಯೂ ಚಿಕಿತ್ಸೆಯ ಭಾಗವೆಂಬುದನ್ನು ಸರಕಾರಗಳು ಒಪ್ಪಿವೆ. ಆದರೆ ಮೊದಲು ಶಸ್ತ್ರಚಿಕಿತ್ಸೆಯ ಟೇಬಲ್ ಏರಿದವನಿಗೆ ಮಾತ್ರ ಒಪ್ಪಿವೆ. ಟೇಬಲ್ ಏರಬಾರದೆಂದು ದಿನಾಲು ಗುಳಿಗೆ ನುಂಗುವವನಿಗೆ ಒಪ್ಪಿಲ್ಲ.

ನಮ್ಮ ಗಡಿ ಜಿಲ್ಲೆಗಳೇ ಮೊದಲು

ಈ ವಿಮಾ ಯೋಜನೆಗಳ ಇತಿಹಾಸದಲ್ಲಿ ನಮ್ಮ ಗಡಿನಾಡಿಗೆ ವಿಶೇಷ ಸ್ಥಾನವಿದೆ. ಆರೋಗ್ಯಶ್ರೀ 2007ರ ಏಪ್ರಿಲದಲ್ಲಿ ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ಅನಂತಪುರ ಒಂದು. ಆಗ ರಾಯದುರ್ಗ, ಮಡಕಶಿರಾ ಎರಡೂ ಅದೇ ಜಿಲ್ಲೆಯಲ್ಲಿದ್ದವು. ಮಹಾರಾಷ್ಟ್ರದಲ್ಲಿ ರಾಜೀವ ಗಾಂಧಿ ಜೀವನದಾಯಿ ಯೋಜನೆ 2012ರ ಜುಲೈದಲ್ಲಿ ಮೊದಲ ಹಂತಕ್ಕೆ ಆರಿಸಿಕೊಂಡ ಎಂಟು ಜಿಲ್ಲೆಗಳಲ್ಲಿ ಸೊಲ್ಲಾಪುರವಿತ್ತು. ಮುಂದೆ 2017ರಲ್ಲಿ ಅದಕ್ಕೆ ಮಹಾತ್ಮಾ ಜ್ಯೋತಿರಾವ ಫುಲೆಯವರ ಹೆಸರಿಡಲಾಯಿತು. 2023ರಲ್ಲಿ ಅದನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ ವಿಸ್ತರಿಸಿ, ಒಂದೂವರೆ ಲಕ್ಷದ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ನಿರ್ಣಯವಾಯಿತು.

ಕರ್ನಾಟಕದ ಯಶಸ್ವಿನಿಯನ್ನು ನಮ್ಮ ಬೀಗರು ನೆಂಟರಿಂದ ನೀವೆಲ್ಲ ಕೇಳಿರುತ್ತೀರಿ. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಾದ ರೈತರು ತಲಾ ತಿಂಗಳಿಗೆ 5 ರೂ. ಹಾಕಿ, ಸರಕಾರವೂ ಕೈಗೂಡಿಸಿ ನಡೆದ ಯೋಜನೆ ಅದು. ಐದೈದು ರೂಪಾಯಿಯಿಂದ ಹೃದಯದ ಶಸ್ತ್ರಚಿಕಿತ್ಸೆ ಆಗಬಹುದೆಂದು ರೈತರೇ ತೋರಿಸಿಕೊಟ್ಟರು. ಅದೂ ಕೂಡ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿಯೇ ಇತ್ತು. 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿಹೋಗಿ, 2022ರ ಕೊನೆಗೆ ಮತ್ತೆ ಆರಂಭವಾಯಿತು.

ಇವೆಲ್ಲವುಗಳ ಹಿಂದೆ ಇರುವ ವಿಚಾರ ಒಂದೇ. ಬಡವನನ್ನು ಸಾಲಕ್ಕೆ ತಳ್ಳುವುದು ದೊಡ್ಡ ದವಾಖಾನೆಯ ದೊಡ್ಡ ಬಿಲ್ಲು. ಅದನ್ನು ತಡೆದರೆ ಸಾಕು. ಈ ವಿಚಾರ ಸುಳ್ಳಲ್ಲ, ಆದರೆ ಅರ್ಧ ಸತ್ಯ. ದೊಡ್ಡ ಬಿಲ್ಲು ಒಂದು ಹೊಲವನ್ನು ಒಮ್ಮೆಗೇ ಮಾರಿಸುತ್ತದೆ. ಸಣ್ಣ ಬಿಲ್ಲು ಮನೆಯನ್ನು ಗೆದ್ದಲಿನಂತೆ ತಿನ್ನುತ್ತದೆ. ಗೆದ್ದಲು ಹತ್ತಿದ ತೊಲೆ ಬೀಳುವತನಕ ನೆಟ್ಟಗೇ ಕಾಣುತ್ತದೆ.

ದೇಶದ ಲೆಕ್ಕವನ್ನು ನೋಡಿದರೆ ಸುಧಾರಣೆ ಆಗಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಕಿಸೆಯಿಂದ ಕೊಟ್ಟದ್ದು ನೂರಕ್ಕೆ 64.2 ಪಾಲು. 2021-22ರಲ್ಲಿ ಅದು 39.4ಕ್ಕೆ ಇಳಿಯಿತು. ಆದರೂ ನೂರು ರೂಪಾಯಿಯಲ್ಲಿ ಸುಮಾರು 40 ರೂಪಾಯಿ ರೋಗಿಯ ಕಿಸೆಯದೇ. ಮನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯವರು ಇದ್ದವರಿಗೆ ಆ ಹಣ ಎಲ್ಲಿ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ತಾಯಿಯ ಇಬ್ಬರು ಮಕ್ಕಳು

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದಾರೆಂದು ತಿಳಿಯಿರಿ. ಅಣ್ಣ ಸೊಲ್ಲಾಪುರದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ತಮ್ಮ ಊರಲ್ಲಿ ಆರು ಎಕರೆ ಒಣಬೇಸಾಯ ಮಾಡುತ್ತಾನೆ. ತಂದೆಗೆ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ನಲವತ್ತೈದರ ಸುಮಾರಿಗೆ ಇಬ್ಬರಿಗೂ ಬಂದವು.

ಅಣ್ಣನಿಗೆ ಇ.ಎಸ್.ಐ. ಇದೆ. ಅವನ ಪಗಾರ 16,000 ರೂ. ಎಂದಿಟ್ಟುಕೊಂಡರೆ, ಅದರಲ್ಲಿ ನೂರಕ್ಕೆ 0.75ರಂತೆ 120 ರೂ. ಅವನದು, ನೂರಕ್ಕೆ 3.25ರಂತೆ 520 ರೂ. ಮಾಲಕನದು, ಪ್ರತಿ ತಿಂಗಳು ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ಅವನಿಗೂ ಅವನ ಮನೆಯವರಿಗೂ ದವಾಖಾನೆಯ ಹಾಸಿಗೆಯೂ ಉಂಟು, ದಿನದ ಗುಳಿಗೆಯೂ ಉಂಟು. ತಮ್ಮನಿಗೆ ಫುಲೆ ಯೋಜನೆಯ ಕಾರ್ಡು ಇದೆ. ಹಾಸಿಗೆ ಉಂಟು, ಗುಳಿಗೆ ಇಲ್ಲ. ತಿಂಗಳಿಗೆ 900 ರೂ. ಔಷಧವೆಂದು ಹಿಡಿದರೂ ವರ್ಷಕ್ಕೆ 10,800 ರೂ. ಆಯಿತು. ತೊಗರಿ ಬಂದ ವರ್ಷ ಕೊಡುತ್ತಾನೆ. ಮಳೆ ಕೈಕೊಟ್ಟ ವರ್ಷ ಮೊದಲು ನಿಲ್ಲುವುದು ಮಕ್ಕಳ ಫೀ ಅಲ್ಲ, ಎತ್ತಿನ ಮೇವಲ್ಲ. ಅವನ ಗುಳಿಗೆ ನಿಲ್ಲುತ್ತದೆ. ಬಿ.ಪಿ. ಏರಿದರೂ ಸಕ್ಕರೆ ಏರಿದರೂ ಮೊದಮೊದಲು ನೋವಾಗುವುದಿಲ್ಲ. ಆದ್ದರಿಂದ ನಿಲ್ಲಿಸಿದ್ದು ಮನೆಯವರಿಗೂ ಗೊತ್ತಾಗುವುದಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಮೂತ್ರಪಿಂಡಗಳು ಸೋಲುತ್ತವೆ. ಮೂತ್ರಪಿಂಡ ಕೆಡುವುದಕ್ಕೆ ಮುಖ್ಯ ಕಾರಣಗಳೇ ಈ ಎರಡು ಕಾಯಿಲೆಗಳು. ಆಗ ಅದೇ ಕಾರ್ಡು ಬಾಗಿಲು ತೆರೆಯುತ್ತದೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್, ವರ್ಷಗಟ್ಟಲೆ. ನಿಧಿ ಹಣ ಕೊಡುತ್ತದೆ. ಬಸ್ಸಿನ ಖರ್ಚು, ಕೆಟ್ಟ ಕೆಲಸದ ದಿನಗಳು, ಹೆಂಡತಿಯ ಕಣ್ಣೀರು ಇವನ್ನು ಯಾವ ನಿಧಿಯೂ ತುಂಬುವುದಿಲ್ಲ. ಗುಳಿಗೆಗೆ ಕೊಡಲಾರೆ ಎಂದ ನಿಧಿಯೇ ಕೊನೆಗೆ ಅದಕ್ಕಿಂತ ಎಷ್ಟೋ ಪಟ್ಟು ಕೊಡುತ್ತದೆ, ಅದೂ ಮನುಷ್ಯ ಅರ್ಧ ಹೋದ ಮೇಲೆ.

ಈ ಅಣ್ಣತಮ್ಮಂದಿರಲ್ಲಿ ಪುಣ್ಯಪಾಪದ ವ್ಯತ್ಯಾಸವಿಲ್ಲ, ಕಾಯಕದ ಶ್ರದ್ಧೆಯಲ್ಲಿಯೂ ವ್ಯತ್ಯಾಸವಿಲ್ಲ. ಒಬ್ಬನಿಗೆ ಪಗಾರದ ಚೀಟಿ ಇದೆ, ಒಬ್ಬನಿಗೆ ಇಲ್ಲ. ಕಾರ್ಮಿಕರಿಗೆ ಔಷಧ ಸಹಿತ ವಿಮೆ ಬೇಕೆಂದು ನಮ್ಮ ದೇಶ 1948ರಲ್ಲಿಯೇ ಕಾಯ್ದೆ ಮಾಡಿತು. ಕೇಂದ್ರ ಸರಕಾರದ ನೌಕರರಿಗೆ 1954ರಲ್ಲಿ ಅಂಥದೇ ವ್ಯವಸ್ಥೆ ಆಯಿತು. ನೇಗಿಲು ಹಿಡಿದವನಿಗೆ, ತಕ್ಕಡಿ ಹಿಡಿದವನಿಗೆ ಆ ಮಾತು ಇನ್ನೂ ಬಂದಿಲ್ಲ. ನೀತಿ ಆಯೋಗ 2021ರಲ್ಲಿ ಒಂದು ವರದಿ ಮಾಡಿ, ದೇಶದ ನೂರಕ್ಕೆ 30ರಷ್ಟು ಜನರಿಗೆ, ಅಂದರೆ ಸುಮಾರು 40 ಕೋಟಿ ಜನರಿಗೆ, ಯಾವ ಆರೋಗ್ಯ ವಿಮೆಯೂ ಇಲ್ಲವೆಂದು ಹೇಳಿತು. ಅವರನ್ನು ಕೈಬಿಟ್ಟುಹೋದ ನಡುವಿನವರು ಎಂದು ಕರೆಯಿತು. ತೀರ ಬಡವರೂ ಅಲ್ಲ, ನೌಕರರೂ ಅಲ್ಲ. ಅವರಲ್ಲಿ ಸಣ್ಣ ರೈತರೂ ಸಣ್ಣ ಅಂಗಡಿಕಾರರೂ ಇದ್ದಾರೆ. ದವಾಖಾನೆಗೆ ಸೇರದೆ ಪಡೆಯುವ ಚಿಕಿತ್ಸೆಗೂ ವಿಮೆ ಬೇಕೆಂದು ಆ ವರದಿಯೇ ಸೂಚಿಸಿತು.

ಎದುರಿನ ಮಾತುಗಳು

ಈ ಬೇಡಿಕೆಯ ವಿರುದ್ಧ ಹೇಳುವ ಮಾತುಗಳೂ ಇವೆ. ಅವು ಹಗುರವಾದ ಮಾತುಗಳಲ್ಲ. ವ್ಯಾಪಾರ ಬಲ್ಲ ನೀವು ಅವನ್ನು ಕೇಳದೆ ಒಪ್ಪುವವರೂ ಅಲ್ಲ.

ಮೊದಲನೆಯದು ವಿಮೆಯ ಮೂಲತತ್ವದ ಮಾತು. ವಾಣಿಜ್ಯಶಾಸ್ತ್ರದಲ್ಲಿ ನಾವು ಓದಿದ ಪಾಠವೇ ಅದು: ವಿಮೆ ಇರುವುದು ಬಂದರೂ ಬರಬಹುದು, ಬರದಿದ್ದರೂ ಇರಬಹುದು ಎಂಬಂಥ ನಷ್ಟಕ್ಕೆ. ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚಿಗೆ ವಿಮೆ ಎಂದರೆ ಅದು ವಿಮೆಯಲ್ಲ, ಮುಂಗಡ ಹಣ. ಈ ಮಾತು ಸರಿ. ಆದರೆ ಅನಿಶ್ಚಿತತೆ ಎಲ್ಲಿದೆ ಎಂದು ನೋಡಬೇಕು. ಮೂವತ್ತು ವರ್ಷದ ನೂರು ಜನ ಕುಳಿತಿದ್ದರೆ ಅವರಲ್ಲಿ ಯಾರಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಗೊತ್ತಿಲ್ಲ. ಆ ಗೊತ್ತಿಲ್ಲದ್ದಕ್ಕೇ ನೂರೂ ಜನ ಕಂತು ತುಂಬುವುದು. ಕಾಯಿಲೆ ಬಂದ ಮೇಲೆ, ಈಗ ನಿನ್ನ ಖರ್ಚು ನಿಶ್ಚಿತವಾಯಿತು, ಆದ್ದರಿಂದ ವಿಮೆ ಇಲ್ಲ ಎಂದರೆ ಹೇಗೆ? ಮಳೆ ಹೋಗಿ ಬೆಳೆ ಒಣಗಿದ ಮೇಲೆ, ಈಗ ನಷ್ಟ ನಿಶ್ಚಿತವಾಯಿತು, ಆದ್ದರಿಂದ ಬೆಳೆವಿಮೆ ಇಲ್ಲ ಎನ್ನುವ ಕಂಪನಿಯನ್ನು ನಾವು ಒಪ್ಪುವೆವೇ?

ಎರಡನೆಯದು ರೈತರೇ ಕೇಳಬಹುದಾದ ಮಾತು. ತೊಗರಿಗೆ ಕೀಡೆ ಬಿದ್ದರೆ ಎಣ್ಣೆ ಹೊಡೆಯುವ ಖರ್ಚು ನಮ್ಮದೇ, ವಿಮೆ ಬರುವುದು ಬೆಳೆ ಹೋದರೆ ಮಾತ್ರ. ದೇಹಕ್ಕೆ ಮಾತ್ರ ಬೇರೆ ನ್ಯಾಯವೇಕೆ? ಇದಕ್ಕೆ ಉತ್ತರವಿದೆ. ಎಣ್ಣೆಯ ಖರ್ಚು ರಾಶಿಯಾದ ಮೇಲೆ ಅಡತಿ ಅಂಗಡಿಯಲ್ಲಿ ತಿರುಗಿ ಬರುವ ಆಸೆಯಾದರೂ ಇದೆ. ಗುಳಿಗೆಯ ಖರ್ಚಿಗೆ ಯಾವ ಪೇಟೆಯಲ್ಲಿಯೂ ಧಾರಣೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಹೋದ ಬೆಳೆಯನ್ನು ಮರುವರ್ಷ ಬಿತ್ತಬಹುದು. ಹೋದ ಕಣ್ಣನ್ನು, ಹೋದ ಮೂತ್ರಪಿಂಡವನ್ನು ಮರುವರ್ಷ ಬಿತ್ತಲು ಬರುವುದಿಲ್ಲ.

ಮೂರನೆಯದು ನೀತಿಯ ಮಾತು. ಗುಟ್ಕಾ ತಿಂದು, ಕುಡಿದು, ದೇಹ ಕೆಡಿಸಿಕೊಂಡವನ ಔಷಧಕ್ಕೆ ನಿಯಮದಿಂದ ಇದ್ದವನು ಏಕೆ ಕಂತು ತುಂಬಬೇಕು? ಇಲ್ಲಿ ಎರಡು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಚಟವಿಲ್ಲದ ಎಷ್ಟೋ ಜನರಿಗೆ, ಎಳೆಯ ಮಕ್ಕಳಿಗೂ ಸಕ್ಕರೆ ಕಾಯಿಲೆ, ಮೂರ್ಛೆರೋಗ, ಅಸ್ತಮಾ ಬರುತ್ತವೆ. ರೋಗವೆಲ್ಲ ದುರಭ್ಯಾಸದ ಫಲವೆಂದು ತಿಳಿಯುವುದು ರೋಗಿಗೆ ಮಾಡುವ ಅನ್ಯಾಯ. ಇನ್ನೊಂದು, ಅದೇ ಮನುಷ್ಯ ಹಾಸಿಗೆ ಹಿಡಿದಾಗ ನಿಧಿ ಅವನ ಚಟವನ್ನು ಕೇಳದೆ ಹಣ ಕೊಡುತ್ತದೆ. ದೊಡ್ಡ ಖರ್ಚಿಗೆ ಕೇಳದ ಪ್ರಶ್ನೆಯನ್ನು ಸಣ್ಣ ಖರ್ಚಿಗೆ ಕೇಳುವುದು ನೀತಿಯಲ್ಲ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವರ ಪೂರ್ವಾಪರವನ್ನು ಯಾರೂ ವಿಚಾರಿಸುವುದಿಲ್ಲ. ಹಸಿವು ಇದೆ ಎಂಬುದಷ್ಟೇ ಸಾಕು.

ನಾಲ್ಕನೆಯದು ನಿಜವಾಗಿಯೂ ಭಾರವಾದ ಮಾತು. ಯಾವ ಚೀಟಿ ತಂದರೂ ಹಣ ಕೊಡಬೇಕೆಂಬ ನಿಯಮ ಬಂದರೆ ನಿಧಿ ಉಳಿಯುವುದಿಲ್ಲ. ಸುಳ್ಳು ಬಿಲ್ಲುಗಳು ಹುಟ್ಟುತ್ತವೆ. ಹತ್ತು ರೂಪಾಯಿಯ ಗುಳಿಗೆಯ ಬದಲು ನೂರು ರೂಪಾಯಿಯದನ್ನು ಬರೆಯುವವರು, ಬರೆಸಿಕೊಳ್ಳುವವರು ಇಬ್ಬರೂ ಸಿಗುತ್ತಾರೆ. ಇನ್ನೂರು ಮುನ್ನೂರು ರೂಪಾಯಿಯ ಸಣ್ಣ ಸಣ್ಣ ಬಿಲ್ಲುಗಳನ್ನು ತಪಾಸಣೆ ಮಾಡುವ ಖರ್ಚೇ ಬಿಲ್ಲಿಗಿಂತ ಹೆಚ್ಚಾಗುತ್ತದೆ. ಕೊನೆಗೆ ಕಂತು ಏರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. ಹೋಯಿತು. ಬಹುತೇಕ ಔಷಧಗಳ ಮೇಲಿನ ತೆರಿಗೆಯೂ 12ರಿಂದ 5ಕ್ಕೆ ಇಳಿಯಿತು. ಈ ಲಾಭವೆಲ್ಲ ಕೆಟ್ಟ ನಿಯಮದಿಂದ ಒಂದೇ ವರ್ಷದಲ್ಲಿ ಕರಗಿ ಹೋಗಬಹುದು.

ಈ ನಾಲ್ಕನೆಯ ಮಾತನ್ನು ನಾವು ಒಪ್ಪಲೇಬೇಕು. ಒಪ್ಪಿದರೆ ತೀರ್ಮಾನವೇನು? ಗುಳಿಗೆಗೆ ವಿಮೆ ಬೇಡ ಎಂಬುದಲ್ಲ. ಕಂಡಕಂಡ ಹಾಗೆ ಬೇಡ, ಕಟ್ಟುನಿಟ್ಟಾದ ನಿಯಮದಿಂದ ಬೇಕು ಎಂಬುದು.

ಕಾನೂನು ಹೇಗಿರಬೇಕು?

ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಗಳ ವಿಷಯ, ವಿಮೆ ಕೇಂದ್ರದ ವಿಷಯ. ಆದ್ದರಿಂದ ಈ ಕೆಲಸವನ್ನು ಇಬ್ಬರೂ ಮಾಡಬೇಕು. ವಿಮೆ ಏನನ್ನು ಒಳಗೊಳ್ಳಬೇಕೆಂದು ಕಂಪನಿಗಳಿಗೆ ಸಂಸತ್ತು ಹೇಳಬಹುದೇ ಎಂದು ಕೆಲವರು ಕೇಳುತ್ತಾರೆ. ಈಗಾಗಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ರೋಗಕ್ಕೆ ಹೇಗೆ ವಿಮೆಯೋ ಮನಸ್ಸಿನ ರೋಗಕ್ಕೂ ಹಾಗೆಯೇ ಇರಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸಿತು. ಕೂಡ್ರದೆ ಇರುವ ದಾರಿಯನ್ನೇನೂ ನಾವು ಕೇಳುತ್ತಿಲ್ಲ.

ಬೇರೆ ದೇಶದಲ್ಲಿಯೂ ಇದೇ ಚರ್ಚೆ ನಡೆದಿದೆ. ಕೆನಡಾದಲ್ಲಿ ದವಾಖಾನೆ ಮತ್ತು ವೈದ್ಯರ ಖರ್ಚನ್ನು ಸರಕಾರಿ ವಿಮೆಯೇ ಕೊಡುತ್ತದೆ. ಆದರೆ ದವಾಖಾನೆಯ ಹೊರಗೆ ಕೊಳ್ಳುವ ಔಷಧಕ್ಕೆ ಆ ವಿಮೆ ಇರಲಿಲ್ಲ. ಹಲವು ದಶಕಗಳ ಚರ್ಚೆಯ ನಂತರ 2024ರ ಫೆಬ್ರುವರಿಯಲ್ಲಿ ಒಂದು ವಿಧೇಯಕ ಮಂಡಿತವಾಗಿ, ಅದೇ ವರ್ಷ ಅಕ್ಟೋಬರ್ 10ರಂದು ಕಾಯ್ದೆಯಾಯಿತು. ಅವರೂ ಎಲ್ಲ ಔಷಧಗಳಿಂದ ಆರಂಭಿಸಲಿಲ್ಲ. ಮೊದಲ ಹಂತಕ್ಕೆ ಸಕ್ಕರೆ ಕಾಯಿಲೆಯ ಔಷಧಗಳನ್ನೂ ಗರ್ಭನಿರೋಧಕಗಳನ್ನೂ ಆರಿಸಿಕೊಂಡರು. ಶ್ರೀಮಂತ ದೇಶವೇ ಹೆಜ್ಜೆ ಹೆಜ್ಜೆಯಾಗಿ ಹೊರಟಿದ್ದರೆ ನಾವೂ ಹಾಗೆ ಹೊರಡುವುದರಲ್ಲಿ ಕುಂದೇನಿಲ್ಲ.

ನಮ್ಮ ದೇಶಕ್ಕೆ ಒಪ್ಪುವ ನಿಯಮದಲ್ಲಿ ನಾಲ್ಕು ಅಂಶಗಳಾದರೂ ಇರಬೇಕೆಂದು ತೋರುತ್ತದೆ.

ಒಂದು, ಜೀವನಪರ್ಯಂತ ಔಷಧ ಬೇಕಾಗುವ ಕೆಲವು ರೋಗಗಳನ್ನು ಗೊತ್ತು ಮಾಡಿ, ಅವುಗಳ ಗುಳಿಗೆಯನ್ನು ಚಿಕಿತ್ಸೆ ಎಂದೇ ಎಣಿಸಬೇಕು. ರೋಗಿ ಹಾಸಿಗೆ ಹಿಡಿದಿದ್ದಾನೆಯೇ ಇಲ್ಲವೇ ಎಂಬ ಪ್ರಶ್ನೆ ಬರಬಾರದು. ದಿನಗಳ ಎಣಿಕೆಯೂ ಬೇಡ.

ಎರಡು, ಯಾವ ಔಷಧಕ್ಕೆ ಎಷ್ಟು ಎಂಬುದಕ್ಕೆ ಪಟ್ಟಿ ಬೇಕು. ಪಟ್ಟಿಯನ್ನು ಹೊಸದಾಗಿ ಮಾಡಬೇಕಾಗಿಲ್ಲ. 2022ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಇಂಥ ಔಷಧಗಳಿಗೆ ಗರಿಷ್ಠ ಬೆಲೆಯನ್ನೂ ಗೊತ್ತು ಮಾಡಲಾಗುತ್ತದೆ. ಕಂಪನಿಯ ಹೆಸರಿನಿಂದಲ್ಲ, ಔಷಧದ ಮೂಲ ಹೆಸರಿನಿಂದ ಕೊಟ್ಟರೆ ನಿಧಿಗೆ ಭಾರ ಕಡಿಮೆ.

ಮೂರು, ಹಣದ ಬದಲು ಔಷಧವನ್ನೇ ಕೊಡಬೇಕು. ಆಗ ಸುಳ್ಳು ಬಿಲ್ಲಿಗೆ ಅವಕಾಶ ಕಡಿಮೆ. ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು ಆರಂಭವಾದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೇ ಗುಳಿಗೆ ತಂದುಕೊಡುತ್ತಾರೆ. ಅದು ಆರಂಭವಾದದ್ದು ನಮ್ಮ ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ, ಸಾಮನಪಳ್ಳಿಯಲ್ಲಿ. ಆ ರಾಜ್ಯ 1994ರಲ್ಲಿಯೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಸ್ಥಾಪಿಸಿ, ಒಟ್ಟಾಗಿ ಅಗ್ಗದಲ್ಲಿ ಕೊಂಡು ಸರಕಾರಿ ದವಾಖಾನೆಗಳಿಗೆ ಹಂಚುವ ಪದ್ಧತಿ ರೂಢಿಸಿಕೊಂಡಿತ್ತು. ಸಗಟು ಖರೀದಿಯ ಲಾಭ ಏನೆಂದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ನಾಲ್ಕು, ರೋಗಿಯ ಪಾಲೂ ಸ್ವಲ್ಪ ಇರಲಿ, ಆದರೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇರಲಿ. ಜೊತೆಗೆ ಗಡಿಯ ಜನರ ಅನುಕೂಲವನ್ನು ಮರೆಯಬಾರದು. ಜತ್ತದವರಿಗೆ ವಿಜಯಪುರ ಹತ್ತಿರ, ಆದೋನಿ ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ, ತಾಳವಾಡಿಯವರು ಚಾಮರಾಜನಗರಕ್ಕೆ ಹೋಗುತ್ತಾರೆ. ಒಂದು ರಾಜ್ಯದ ವೈದ್ಯ ಬರೆದ ಚೀಟಿಗೆ ಇನ್ನೊಂದು ರಾಜ್ಯದಲ್ಲಿ ಗುಳಿಗೆ ಸಿಗಬೇಕು. ರಾಜ್ಯಗಳ ಗಡಿ ರೋಗಕ್ಕೆ ಗೊತ್ತಿಲ್ಲ.

ನಮ್ಮ ಪಾಲಿನ ಕರ್ತವ್ಯ

ಸರಕಾರಕ್ಕೆ ಬೇಡಿಕೆ ಸಲ್ಲಿಸುವವರು ತಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಸಾಮೂಹಿಕ ನಿಧಿ ಎಂದರೆ ಊರ ಕೆರೆ ಇದ್ದಂತೆ. ಒಡ್ಡು ಒಡೆಯುವವರು ಹೊರಗಿನಿಂದ ಬರುವುದಿಲ್ಲ.

ಕಾರ್ಡು ಇದೆಯೆಂದು ಬೇಡದ ದವಾಖಾನೆ ವಾಸ ಮಾಡುವುದು, ಸುಳ್ಳು ಬಿಲ್ಲು ಮಾಡಿಸುವುದು ಇನ್ನೊಬ್ಬ ರೋಗಿಯ ಬಾಯಿಂದ ಔಷಧ ಕಸಿದಂತೆ. ಖಾಸಗಿ ಪಾಲಿಸಿ ಮಾಡಿಸುವಾಗ ಇದ್ದ ರೋಗವನ್ನು ಮುಚ್ಚಿಡಬಾರದು. 2024ರ ಹೊಸ ನಿಯಮದಂತೆ ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ, ಮುಂಚೆ ಅದು 48 ತಿಂಗಳಿತ್ತು. ಸತ್ಯ ಹೇಳಿ ಕಾಯುವುದು, ಸುಳ್ಳು ಹೇಳಿ ಕಷ್ಟಕಾಲದಲ್ಲಿ ತಿರಸ್ಕೃತರಾಗುವುದಕ್ಕಿಂತ ಲೇಸು.

ವೈದ್ಯರು ಚೀಟಿ ಬರೆಯುವಾಗ ಔಷಧದ ಮೂಲ ಹೆಸರು ಬರೆಯಿರೆಂದು ವಿನಯದಿಂದ ಕೇಳಬಹುದು. 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳು ಈಗ ದೇಶದಲ್ಲಿ 15,000ಕ್ಕೂ ಹೆಚ್ಚು ಆಗಿವೆ. ಅಲ್ಲಿ ಅದೇ ಔಷಧ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಗುಳಿಗೆ ಬಿಟ್ಟಿ ಸಿಗುವ ಕಡೆ ನಾಚಿಕೆಪಡದೆ ಪಡೆಯಬೇಕು. ಸ್ಟಾಕು ಇಲ್ಲವೆಂದರೆ ಸುಮ್ಮನೆ ತಿರುಗಿ ಬರದೆ ಗ್ರಾಮಸಭೆಯಲ್ಲಿ ಕೇಳಬೇಕು.

ವ್ಯಾಪಾರಸ್ಥ ಬಂಧುಗಳಲ್ಲಿ ಒಂದು ವಿಶೇಷ ಪ್ರಾರ್ಥನೆ. ನಿಮ್ಮ ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲನಿಗೆ, ಲೆಕ್ಕ ಬರೆಯುವ ಗುಮಾಸ್ತನಿಗೆ ಯಾವ ಕಾರ್ಡು ಇದೆ? ಇ.ಎಸ್.ಐ. ಅನ್ವಯಿಸುವ ಅಂಗಡಿ ಕಾರಖಾನೆಗಳಲ್ಲಿ ಎಲ್ಲರ ಹೆಸರನ್ನೂ ಹಚ್ಚಲಾಗಿದೆಯೇ, ಅಥವಾ ನೂರಕ್ಕೆ 3.25 ಉಳಿಯಲೆಂದು ಕೆಲವರ ಹೆಸರು ಪುಸ್ತಕದ ಹೊರಗೆ ಉಳಿದಿದೆಯೇ? ನಮಗೆ ಬೇಕಾದ ನ್ಯಾಯವನ್ನು ದಿಲ್ಲಿಯಿಂದ ಕೇಳಿ, ನಾವು ಕೊಡಬೇಕಾದ ನ್ಯಾಯವನ್ನು ಗಲ್ಲೆಯಲ್ಲಿ ಮುಚ್ಚಿಟ್ಟರೆ ನಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಅನುಕೂಲಸ್ಥ ಭಕ್ತರು ತಮ್ಮ ಊರಿನ ಒಬ್ಬಿಬ್ಬರು ವೃದ್ಧರ ತಿಂಗಳ ಗುಳಿಗೆಯ ಹೊಣೆ ಹೊತ್ತರೆ ಅದು ದಾಸೋಹವೇ. ಆದರೆ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಶರಣರು ದಾನಕ್ಕೂ ದಾಸೋಹಕ್ಕೂ ಭೇದ ಮಾಡಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಟ್ಟೆನೆಂಬ ಭಾವವೇ ಇಲ್ಲ, ಸಮಾಜದ್ದನ್ನು ಸಮಾಜಕ್ಕೆ ತಲುಪಿಸಿದ್ದಷ್ಟೇ. ಎಲ್ಲರೂ ಕೂಡಿ ಕಟ್ಟಿದ ನಿಧಿಯಿಂದ ರೋಗಿಗೆ ಗುಳಿಗೆ ಸಿಗುವುದು ಈ ಎರಡನೆಯ ಬಗೆಯದು. ಅಲ್ಲಿ ಯಾರೂ ಯಾರ ಮುಂದೆಯೂ ಕೈ ಚಾಚುವುದಿಲ್ಲ. ಇಂದು ರೋಗಿಯಾದವನು ನಿನ್ನೆ ಕಂತು ತುಂಬಿದವನು, ಇಂದು ಕಂತು ತುಂಬುವವನು ನಾಳಿನ ರೋಗಿ. ಆದ್ದರಿಂದ ನಮ್ಮ ದಾಸೋಹ ಕಾನೂನು ಬರುವತನಕ ದಾಟಲು ಹಾಕಿದ ಸಂಕವಾಗಬೇಕು, ಕಾನೂನು ಬೇಡವೆನ್ನಲು ನೆಪವಾಗಬಾರದು.

ಚುನಾವಣೆಯ ಕಾಲದಲ್ಲಿ ನಾಲ್ಕೂ ರಾಜ್ಯಗಳ ನಾಯಕರು ನಮ್ಮ ಊರುಗಳಿಗೆ ಬರುತ್ತಾರೆ. ಅವರವರ ಭಾಷೆಯಲ್ಲಿಯೇ, ಮರಾಠಿ, ತೆಲುಗು, ತಮಿಳು, ಮಲಯಾಳದಲ್ಲಿ, ಈ ಒಂದು ಪ್ರಶ್ನೆ ಕೇಳಿರಿ: ಹಾಸಿಗೆಗೆ ಐದು ಲಕ್ಷ ಇಟ್ಟಿರಿ, ಸಂತೋಷ. ಹಾಸಿಗೆ ಹಿಡಿಯದಂತೆ ಇರಿಸುವ ಗುಳಿಗೆಗೆ ಎಷ್ಟು ಇಟ್ಟಿರಿ? ಹತ್ತು ಊರುಗಳ ಗ್ರಾಮಸಭೆಗಳು ಇದನ್ನು ಠರಾವಾಗಿ ಬರೆದು ಕಳಿಸಿದರೆ ಕೇಳಿಸಿಕೊಳ್ಳದೆ ಇರಲಾರರು. ಅಲ್ಲಿಯವರೆಗೆ ಯಾರ ಮನೆಯಲ್ಲಿ ಮಳೆ ಹೋದ ವರ್ಷ ಗುಳಿಗೆ ನಿಂತಿದೆಯೋ, ಅವರ ಮನೆಯ ಕಡೆ ಒಮ್ಮೆ ಹೋಗಿ ಬರೋಣ.



— ಕಾರ್ಯದರ್ಶಿ, ಶ್ರೀಮಠ